ಕರಟದ ಇದ್ದಲೂ ಬೆಂಕಿಯ ಹದವೂ

ಅಂತರಘಟ್ಟೆಯ ಸುತ್ತಣ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ತೆಂಗಿನ ಕಾಯನ್ನು ಒಡೆದ ಮೇಲೆ ಕರಟವು ಬಚ್ಚಲೊಲೆಗೆ ಸೇರುವುದೇ ವಾಡಿಕೆ. ಆದರೆ ಬೆಂಕಿಯ ಹದವನ್ನು ಬಲ್ಲವರ ಕೈಗೆ ಬಂದರೆ ಅದೇ ಕರಟವು ನೀರನ್ನು ತಿಳಿಗೊಳಿಸುವ ಇದ್ದಲಾಗುವುದು. ವಸ್ತು ಒಂದೇ, ಸುಡುವ ಕ್ರಮದಂತೆ ಗುಣ ಬೇರೆ. ಈ ಭೇದವನ್ನು ಗೃಹಸ್ಥರು ಅರಿತಿರುವುದು ಲೇಸು.

ಒಲೆಯಲ್ಲಿ ಗಾಳಿ ಧಾರಾಳವಾಗಿ ಆಡುವುದರಿಂದ ಕರಟವು ಉರಿದು ಬೂದಿಯಾಗುವುದು. ಗಾಳಿ ಸೋಕದಂತೆ ಮುಚ್ಚಿ ಕಾಯಿಸಿದರೆ ನೀರಿನಂಶವೂ ಹೊಗೆಯೂ ಹೊರಟುಹೋಗಿ ಇಂಗಾಲವು ಉಳಿಯುವುದು. ಶಾಖವು ಕಡಮೆಯಾದರೆ ಇದ್ದಲೇನೋ ಹೆಚ್ಚು ದೊರೆಯುವುದು, ಆದರೆ ಹೊಗೆಯ ಅಂಶ ಅದರಲ್ಲಿ ನಿಲ್ಲುವುದು. ಶಾಖವೇರಿದಂತೆ ತೂಕ ತಗ್ಗಿ ಇಂಗಾಲದ ಪಾಲು ಹೆಚ್ಚುವುದು.

ಈ ವಿದ್ಯೆ ನಮ್ಮ ನೆರೆಗೆ ಹೊಸತಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿದಾಗ, ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರನ್ನು ಮರದ ಇದ್ದಲಿನಿಂದಲೇ ಕರಗಿಸಿದರು. ಅಲ್ಲಿ ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಟ ಆವಿಯನ್ನು ತಣಿಸಿ ಡಾಂಬರು ಮೊದಲಾದುವನ್ನೂ ಪಡೆಯುತ್ತಿದ್ದರು.

ಕುಲುಮೆಗೆ ಬೇಕಾದುದು ಭಾರಕ್ಕೆ ಪುಡಿಯಾಗದ ಇದ್ದಲು. ನೀರಿಗೆ ಬೇಕಾದುದು ರಂಧ್ರಮಯವಾದ ಇದ್ದಲು. ಸಾಮಾನ್ಯ ಇದ್ದಲಿನಲ್ಲಿ ಸೂಕ್ಷ್ಮರಂಧ್ರಗಳಿಗೆ ಡಾಂಬರು ಕಟ್ಟಿಕೊಂಡಿರುವುದು. ಅದನ್ನು ಸುಮಾರು 800ರಿಂದ 1000 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿಟ್ಟು ನೀರಿನ ಹಬೆಯನ್ನು ಹಾಯಿಸಿದರೆ, ಹಬೆಯು ಇಂಗಾಲವನ್ನು ಸ್ವಲ್ಪಸ್ವಲ್ಪವಾಗಿ ಸವೆಯಿಸಿ ರಂಧ್ರಗಳನ್ನು ತೆರೆಯುವುದು. ಹೀಗಾದುದೇ ಸಕ್ರಿಯ ಇಂಗಾಲ. ಇದರ ಒಂದು ಗ್ರಾಮಿನೊಳಗಣ ರಂಧ್ರಗಳ ಗೋಡೆಗಳನ್ನೆಲ್ಲ ಹರಡಿದರೆ ಸುಮಾರು 1000 ಚದರ ಮೀಟರು, ಎಂದರೆ ಕಾಲು ಎಕರೆಯಷ್ಟಾದೀತು! ಹಬೆ ಸಾಲದಿದ್ದರೆ ರಂಧ್ರಗಳು ತೆರೆಯವು. ಅತಿಯಾದರೆ ಗೋಡೆಗಳೇ ಸವೆದು, ಚಿಕ್ಕ ರಂಧ್ರಗಳು ಕೂಡಿ ದೊಡ್ಡವಾಗಿ, ಇದ್ದಲು ಪುಡಿಯಾಗುವುದು. ಅನ್ನಕ್ಕಿರುವಂತೆ ಇದಕ್ಕೂ ಒಂದು ಹದವುಂಟು. ಕರಟವು ಗಟ್ಟಿಯಾಗಿದ್ದು ಅತಿಸೂಕ್ಷ್ಮ ರಂಧ್ರಗಳನ್ನು ಕೊಡುವುದರಿಂದ ನೀರಿನ ಕೆಲಸಕ್ಕೆ ಅದು ಬಲು ಯೋಗ್ಯ.

ಆದಕಾರಣ ಒಲೆಯ ಇದ್ದಲನ್ನು ಕೊಡದಲ್ಲಿ ಹಾಕಿ, ನೀರು ಶುದ್ಧವಾಯಿತೆಂದು ಯಾರೂ ನಿಶ್ಚಿಂತರಾಗಬಾರದು. ಹದವರಿತು ಮಾಡಿದ ಇದ್ದಲಾದರೂ ವಾಸನೆ, ಬಣ್ಣ, ಕ್ಲೋರೀನುಗಳನ್ನು ಹೀರುವುದೇ ಹೊರತು ರೋಗಾಣುಗಳನ್ನು ಕೊಲ್ಲಲಾರದು. ಕೊಳವೆಬಾವಿಯ ನೀರಿನ ಫ್ಲೋರೈಡನ್ನು ತೆಗೆಯುವುದೂ ಅತ್ಯಲ್ಪ. ರಂಧ್ರಗಳು ತುಂಬಿದ ಮೇಲೆ ಅದನ್ನು ಬದಲಿಸದೆ ವಿಧಿಯಿಲ್ಲ. ರೋಗಾಣುಗಳ ಭಯವಿದ್ದಲ್ಲಿ ನೀರನ್ನು ಕುದಿಸಿಯೇ ಕುಡಿಯತಕ್ಕದ್ದು; ಫ್ಲೋರೈಡಿನ ಶಂಕೆಯಿದ್ದಲ್ಲಿ ಕುದಿಸಿದರೂ ಸಾಲದು, ನೀರನ್ನು ಪರೀಕ್ಷೆಮಾಡಿಸಬೇಕು. ಮನೆಯ ಮಕ್ಕಳ ಆರೋಗ್ಯವನ್ನು ಇದ್ದಲಿನ ಕಪ್ಪು ಬಣ್ಣವೊಂದನ್ನೇ ನಂಬಿ ಬಿಡುವುದು ವಿವೇಕವಲ್ಲ.