ತಾರೀಖಿಲ್ಲದ ಗೋರಿಗಳು

ಮಧುಗಿರಿ, ಪಾವಗಡಗಳ ಬಿಸಿಲುನಾಡನ್ನು ದಾಟಿ ಬಡಗಣಕ್ಕೆ ಹೋದರೆ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ. 1890ರ ದಶಕದ ಆರಂಭದಲ್ಲಿ ಬಿ. ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಪತ್ತೆಹಚ್ಚಿದ್ದೇ ತಡ, ವಿದ್ವಾಂಸರ ಕಣ್ಣೆಲ್ಲ ಬಂಡೆಯ ಮೇಲಿನ ಅಕ್ಷರಗಳಿಗೆ ಅಂಟಿಕೊಂಡಿತು. ಬೆಟ್ಟದ ಬುಡದಲ್ಲಿ ನೂರಾರು ಕಲ್ಲುವೃತ್ತದ ಗೋರಿಗಳು ಮುಳ್ಳುಪೊದೆಗಳ ನಡುವೆ ಹಾಗೇ ಬಿದ್ದಿದ್ದವು. ಕರ್ನಾಟಕದ ಹಳ್ಳಿಗರು ಇಂಥವನ್ನು ಪಾಂಡವರ ಗುಡಿ, ಮೋರ್ಯರ ಮನೆ ಎಂದು ಕರೆದು ಸುಮ್ಮನಿದ್ದುಬಿಡುತ್ತಿದ್ದರು.

ಸುಮ್ಮನಿರದವರು ಮೈಸೂರಿನ ಡಾ. ಎಂ. ಎಚ್. ಕೃಷ್ಣ. 1929ರಲ್ಲೇ ಚಿತ್ರದುರ್ಗದ ಚಂದ್ರವಳ್ಳಿಯನ್ನು ಪದರ ಪದರವಾಗಿ ಅಗೆಸಿ ಶಾತವಾಹನರ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯವನ್ನೂ ಎತ್ತಿದ್ದ ಅವರು, 1940ರ ಸುಮಾರಿಗೆ ಬ್ರಹ್ಮಗಿರಿಗೂ ಗುದ್ದಲಿ ಹಾಕಿಸಿದರು. ಕಲ್ಲುಕೊಡಲಿ ಸಿಕ್ಕಿತು, ಕಪ್ಪು-ಕೆಂಪು ಮಡಕೆ ಸಿಕ್ಕಿತು. ಆದರೆ ಗೋರಿ ಕಟ್ಟಿದವರು ಯಾವ ಶತಮಾನದವರು? ಅಲ್ಲಿ ನಾಣ್ಯವಿರಲಿಲ್ಲ, ಬರಹವೂ ಇರಲಿಲ್ಲ.

ಉತ್ತರದ ಮೊದಲ ತುಣುಕು ಇದ್ದದ್ದು ನೂರಾರು ಮೈಲಿ ಆಚೆ, ಮದರಾಸು ವಸ್ತುಸಂಗ್ರಹಾಲಯದ ಕಪಾಟಿನಲ್ಲಿ! 1944ರಲ್ಲಿ ಪುರಾತತ್ವ ಇಲಾಖೆಯ ಹೊಸ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಅದನ್ನು ಕೆದಕಿದಾಗ ಒಡೆದ ಹೂಜಿಯೊಂದರ ಕುತ್ತಿಗೆ ಕೈಗೆ ಬಂತು. ಅದು ರೋಮನ್ನರ ದ್ರಾಕ್ಷಾರಸದ ಹೂಜಿ. ಬಂದದ್ದು ಪಾಂಡಿಚೇರಿ ಪಕ್ಕದ ಅರಿಕಮೇಡಿನಿಂದ. ಮರುವರ್ಷ ಅಲ್ಲಿ ಅಗೆದಾಗ ಇಟಲಿಯ ಅರೆಜೋ ಊರಿನ ಕೆಂಪು ತಟ್ಟೆಗಳು ಬಂದವು. ಅವು ಕ್ರಿ.ಶ. ಒಂದನೆಯ ಶತಮಾನದ ಮೊದಲರ್ಧದವು ಎಂಬುದು ಯುರೋಪಿನಲ್ಲಿ ಖಚಿತವಾಗಿತ್ತು. ಅವುಗಳ ಜೊತೆಗೇ, ಒಳತಳದಲ್ಲಿ ಚುಕ್ಕಿಗಳ ಸುತ್ತು ಇದ್ದ ರೂಲೆಟೆಡ್ ತಟ್ಟೆಗಳೂ ಇದ್ದವು. ಹಾಗಾದರೆ ಅವುಗಳ ಕಾಲವೂ ತಿಳಿದಂತಾಯಿತು. ಅಂಥ ತಟ್ಟೆ ಒಳನಾಡಿನಲ್ಲಿ, ಗೋರಿಯ ಮಡಕೆಗಳ ಒತ್ತಿನಲ್ಲಿ ಸಿಕ್ಕಿದರೆ?

1947ರಲ್ಲಿ ವೀಲರ್ ಬ್ರಹ್ಮಗಿರಿಗೆ ಬಂದರು. ಹತ್ತು ಗೋರಿ ತೆರೆಸಿದರು. ಆರು ಕಲ್ಲುಪೆಟ್ಟಿಗೆಗಳಲ್ಲಿ ಕಣಶಿಲೆಯ ಚಪ್ಪಡಿಗಳು ಒಂದನ್ನೊಂದು ಆತು ಸ್ವಸ್ತಿಕದಂತೆ ನಿಂತಿದ್ದವು. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಒಳಗೆ ಹಲವರ ಎಲುಬುಗಳು ಕಲಸಿಹೋಗಿದ್ದವು. ಸುತ್ತ ಮಡಕೆ, ಕಬ್ಬಿಣದ ಹತ್ಯಾರು. ಒಂದು ಗೋರಿಯಲ್ಲಂತೂ ಚಿನ್ನದ ಮಣಿ, ಕಲ್ಲುಮಣಿ, ತಾಮ್ರದ ಬಳೆ, ಶಂಖ. ಉಳಿದ ನಾಲ್ಕು ಕಲ್ಲುವೃತ್ತದ ಗುಂಡಿಗಳು. ಅವುಗಳಲ್ಲಿ ಮಡಕೆಗಳಿದ್ದವು, ಎಲುಬಿರಲಿಲ್ಲ. ಹೆಣವನ್ನು ಮೊದಲು ಗುಂಡಿಯಲ್ಲಿಟ್ಟು, ಮಾಂಸ ಕರಗಿದ ಮೇಲೆ ಎಲುಬನ್ನು ಪೆಟ್ಟಿಗೆಗೆ ಸಾಗಿಸುತ್ತಿದ್ದರೇನೋ ಎಂದು ವೀಲರ್ ಊಹಿಸಿದರು. ಊಹೆ ಚೆನ್ನಾಗಿತ್ತು, ತಾರೀಖು ಮಾತ್ರ ದಕ್ಕಲಿಲ್ಲ.

ಅದು ದಕ್ಕಿದ್ದು ಸತ್ತವರ ನೆಲದಲ್ಲಲ್ಲ, ಅವರು ಬದುಕಿದ್ದ ಊರಿನ ಕಸದಲ್ಲಿ. ಬೆಟ್ಟದ ಇಳಿಜಾರಿನಲ್ಲಿ ತೋಡಿದ ಕಂದಕದ ತಳದಲ್ಲಿ ಕಲ್ಲುಕೊಡಲಿಯವರ ಪದರ. ಅದರ ಮೇಲೆ ಗೋರಿಯದೇ ಕಪ್ಪು-ಕೆಂಪು ಮಡಕೆ, ಕಬ್ಬಿಣ. ಎಲ್ಲಕ್ಕಿಂತ ಮೇಲೆ ಆ ರೂಲೆಟೆಡ್ ತಟ್ಟೆಯ ಚೂರುಗಳು. ಒಂದು ಪದರದ ವಸ್ತು ಮತ್ತೊಂದರೊಳಗೆ ಕೊಂಚ ಕೊಂಚ ಬೆರೆತಿತ್ತು. ಅಂದರೆ ಒಬ್ಬರು ಊರು ಬಿಡುವ ಮುನ್ನವೇ ಇನ್ನೊಬ್ಬರು ಬಂದಿದ್ದರು. ಚಂದ್ರವಳ್ಳಿಯಲ್ಲೂ ಅಗೆದ ವೀಲರ್‌ಗೆ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ದೊರೆತು, ಲೆಕ್ಕ ತಾಳೆಯಾಯಿತು. ಗೋರಿಯವರ ಕಾಲ ಕ್ರಿ.ಪೂ. 200ರಿಂದ ಕ್ರಿ.ಶ. ಒಂದನೆಯ ಶತಮಾನದ ನಡುವಿನವರೆಗೆ ಎಂದು ವೀಲರ್ ಬರೆದರು. ದಾರಿ ತೋರಿದ್ದ ಕೃಷ್ಣ ಅದೇ 1947ರಲ್ಲಿ ತೀರಿಕೊಂಡರು.

1965ರಲ್ಲಿ ಎಂ. ಎಸ್. ನಾಗರಾಜರಾವ್ ತುಂಗಭದ್ರಾ ದಡದ ಹಳ್ಳೂರನ್ನು ಅಗೆಸಿದರು. ಅಲ್ಲಿನ ಇದ್ದಿಲನ್ನು ರೇಡಿಯೋ ಕಾರ್ಬನ್ ಪರೀಕ್ಷೆಗೆ ಒಡ್ಡಿದಾಗ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿಗೆ ಜಾರಿತು. ಅದರ ಜೊತೆ ಕಲ್ಲುಗೋರಿಗಳ ಆರಂಭವೂ. ರೋಮಿನ ತಟ್ಟೆ ಹೇಳಿದ್ದು ಸುಳ್ಳಲ್ಲ, ಅದು ಹೇಳಿದ್ದು ಗೋರಿಯವರ ಕೊನೆಗಾಲವನ್ನು ಮಾತ್ರ. ಮೊದಲೆಂದಿಗೆ ಎಂಬುದನ್ನು ವೀಲರ್ ಅಂದಾಜಿನಲ್ಲಿ ಹೇಳಿದ್ದರು; ಎಂಟುನೂರು ವರ್ಷ ಕೈತಪ್ಪಿದ್ದು ಅಲ್ಲೇ.