ಗ್ಯಾಸ್ ಒಲೆ: ಹೆದರಿಕೆ ಬೇಡ, ಎಚ್ಚರ ಇರಲಿ



ನಮ್ಮ ರಾತ್ರಿ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರಿದ್ದಾರೆ. ಅವರ ಮನೆಗೆ ಗ್ಯಾಸ್ ಬಂದು ಒಂದು ವರ್ಷ ಆಯಿತು. ಆದರೂ ಸೌದೆ ಒಲೆಯಲ್ಲೇ ಅಡುಗೆ. ಸಿಲಿಂಡರಿಗೆ ಹಳೇ ಸೀರೆ ಹೊದಿಸಿ, ಅಡುಗೆಮನೆ ಮೂಲೆಯಲ್ಲಿ ಇಟ್ಟಿದ್ದರು.

"ಯಾಕಕ್ಕ?" ಅಂತ ಕೇಳಿದೆ.

"ಅದು ಬಾಂಬ್ ಇದ್ದಂಗೆ ಟೀಚರೇ. ಮಕ್ಕಳು ಮರಿ ಇರೋ ಮನೆ. ಮುಟ್ಟೋಕೇ ಭಯ" ಅಂದರು.

ಭಯ ಸುಳ್ಳಲ್ಲ. ಗ್ಯಾಸ್ ಸೋರಿ ಬೆಂಕಿ ತಾಗಿದರೆ ಮನೆಯೇ ಸುಡುತ್ತದೆ. ಆದರೆ ಅಕ್ಕ ಮಾಡಿದ್ದೇನು? ಉರಿಯುವ ಸೌದೆ ಒಲೆ ಇರುವ ಕೋಣೆಯಲ್ಲೇ ಸಿಲಿಂಡರ್ ಇಟ್ಟಿದ್ದರು. ಬಳಸುವುದಕ್ಕಿಂತ ಇದೇ ಹೆಚ್ಚು ಅಪಾಯ. ಯಾಕೆ ಅಂತ ತಿಳಿಯಲು ಗ್ಯಾಸಿನ ಗುಣ ತಿಳಿಯಬೇಕು.

ಸೌದೆ ಹೊಗೆ ಮೇಲೆ ಹೋಗುತ್ತದೆ. ಅಡುಗೆ ಗ್ಯಾಸ್ ಹಾಗಲ್ಲ. ಅದು ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿಯುತ್ತದೆ. ಚೆಲ್ಲಿದ ನೀರಿನ ಹಾಗೆ ನೆಲದ ಮೇಲೆ ಹರಡುತ್ತದೆ. ನೆಲದ ಮೇಲೆ ಸೌದೆ ಒಲೆ ಉರಿಯುತ್ತಿದ್ದರೆ ನೇರವಾಗಿ ಅಲ್ಲಿಗೇ ಹೋಗುತ್ತದೆ. ಅದಕ್ಕೇ ಗ್ಯಾಸ್ ಒಲೆ ಕಟ್ಟೆಯ ಮೇಲೆ ಇರಬೇಕು. ಸಿಲಿಂಡರ್ ಕೆಳಗೆ, ನೆಟ್ಟಗೆ ನಿಂತಿರಬೇಕು. ಮಲಗಿಸಬಾರದು. ಗಾಳಿ ಆಡದ ಕಪಾಟಿನಲ್ಲಿ ಮುಚ್ಚಿ ಇಡಬಾರದು. ಆ ಕೋಣೆಯಲ್ಲಿ ಬೇರೆ ಬೆಂಕಿ ಇರಬಾರದು.

ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ. ನಮ್ಮ ಮೂಗಿಗೆ ತಿಳಿಯಲಿ ಅಂತ ಕೆಟ್ಟ ವಾಸನೆಯ ವಸ್ತುವನ್ನು ಬೇಕೆಂದೇ ಸೇರಿಸುತ್ತಾರೆ. ಆ ವಾಸನೆಯೇ ನಮಗೆ ಕಾವಲುಗಾರ.

ಈಗ ಸಿಲಿಂಡರ್ ಮನೆ ಬಾಗಿಲಿಗೆ ಬಂದಿದೆ ಅನ್ನಿ. ಸೀಲ್ ಸರಿಯಾಗಿದೆಯಾ, ಬಾಯಿಗೆ ಮುಚ್ಚಳ ಇದೆಯಾ ನೋಡಿ. ಆಮೇಲೆ ತೂಕ. ಮನೆಬಳಕೆಯ ದೊಡ್ಡ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರಬೇಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೇ ಬರೆದಿರುತ್ತಾರೆ. ಅದು 15.8 ಕಿಲೋ ಎಂದು ಇದ್ದರೆ, ಎರಡೂ ಕೂಡಿ 30 ಕಿಲೋ ತೂಗಬೇಕು. ಕೂಡುವ ಲೆಕ್ಕ ನಿಮಗೆ ಈಗ ಬರುತ್ತದಲ್ಲ! "ತೂಕ ಮಾಡಿ ತೋರಿಸಪ್ಪ" ಅಂತ ತಂದವರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ಬರಹ ಇದೆ. ಇದನ್ನು ಬಹಳ ಜನ ನೋಡುವುದೇ ಇಲ್ಲ. ನಮ್ಮ ಮನೆಗೆ ಎಷ್ಟೋ ವರ್ಷದಿಂದ ಗ್ಯಾಸ್ ಬರುತ್ತಿದೆ. ಪಾಠ ಹೇಳುವ ನಾನೂ ನೋಡಿರಲಿಲ್ಲ. "ಇದೇನು ಬರೆದವ್ರೆ ಟೀಚರೇ?" ಅಂತ ನಮ್ಮ ಕೇಂದ್ರದ ಅಕ್ಕ ಒಬ್ಬರು ಕೇಳಿದಾಗಲೇ ನಾನು ವಿಚಾರಿಸಿ ಕಲಿತದ್ದು.

ಸಿಲಿಂಡರ್ ಎತ್ತುವ ಬಳೆಯ ಕೆಳಗೆ ಮೂರು ಕಬ್ಬಿಣದ ಪಟ್ಟಿಗಳಿವೆ. ಒಂದರ ಒಳಗಡೆ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಎರಡು ಅಂಕಿ ಇರುತ್ತವೆ. ಅಕ್ಷರ ನಾಲ್ಕೇ. ಗುಡಿಸಲಿನ ಹಾಗೆ ಚೂಪಾಗಿ ಇರುವುದು ಎ. ಕೋಲಿಗೆ ಎರಡು ಹೊಟ್ಟೆ ಇದ್ದರೆ ಬಿ. ಕುಡುಗೋಲಿನ ಹಾಗೆ ಬಾಗಿದ್ದು ಸಿ. ದಾರ ಕಟ್ಟಿದ ಬಿಲ್ಲಿನ ಹಾಗೆ ಇರುವುದು ಡಿ. ಎ ಅಂದರೆ ಜನವರಿಯಿಂದ ಮಾರ್ಚ್. ಬಿ ಅಂದರೆ ಏಪ್ರಿಲ್‌ನಿಂದ ಜೂನ್. ಸಿ ಅಂದರೆ ಜುಲೈಯಿಂದ ಸೆಪ್ಟೆಂಬರ್. ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ವರ್ಷವನ್ನು ಹೇಳುತ್ತದೆ. ಸಿ 29 ಎಂದು ಇದ್ದರೆ, 2029ರ ಸೆಪ್ಟೆಂಬರ್ ಮುಗಿಯುವುದರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು. ಆ ದಿನ ದಾಟಿದ ಸಿಲಿಂಡರ್ ಬಂದರೆ "ಇದು ಬೇಡ, ಬೇರೆ ಕೊಡಿ" ಎನ್ನಿ.

ರೆಗ್ಯುಲೇಟರ್ ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದು ಅರ್ಥ. ಕಡ್ಡಿ ಗೀರಿ ಮಾತ್ರ ಎಂದೂ ನೋಡಬೇಡಿ. ರಬ್ಬರ್ ಪೈಪಿನಲ್ಲಿ ಬಿರುಕು ಇದೆಯಾ, ಇಲಿ ಕಚ್ಚಿದೆಯಾ ಆಗಾಗ ನೋಡಿ. ಚೆನ್ನಾಗಿ ಕಂಡರೂ 5 ವರ್ಷದೊಳಗೆ ಬದಲಾಯಿಸಿ.

ಒಲೆ ಹಚ್ಚುವಾಗ ಮೊದಲು ಕಡ್ಡಿ ಗೀರಿ. ಆಮೇಲೆ ಗ್ಯಾಸ್ ತಿರುಗಿಸಿ. ಸೆರಗು ಸಿಕ್ಕಿಸಿಕೊಳ್ಳಿ. ಹಾಲು ಇಟ್ಟು ಪಕ್ಕದ ಮನೆಗೆ ಮಾತಿಗೆ ಹೋಗಬೇಡಿ. ಹಾಲು ಉಕ್ಕಿದರೆ ಉರಿ ಆರುತ್ತದೆ, ಗ್ಯಾಸ್ ಬರುವುದು ನಿಲ್ಲುವುದಿಲ್ಲ. ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡಿ.

ಇಷ್ಟಾದರೂ ವಾಸನೆ ಬಂತು. ಆಗ ಏನು ಮಾಡಬೇಕು?

ಲೈಟಿನ ಸ್ವಿಚ್ ಮುಟ್ಟಬೇಡಿ. ಹಾಕಲೂ ಬೇಡಿ, ಆರಿಸಲೂ ಬೇಡಿ. ಸ್ವಿಚ್ಚಿನೊಳಗೆ ಹಾರುವ ಸಣ್ಣ ಕಿಡಿ ಸಾಕು. ಫ್ಯಾನ್ ಹಾಕಬೇಡಿ. ದೇವರ ದೀಪ, ಊದುಬತ್ತಿ ಆರಿಸಿ. ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು, ಕಿಟಕಿ ಎಲ್ಲಾ ತೆಗೆಯಿರಿ. ಗ್ಯಾಸ್ ನೆಲದಲ್ಲಿ ಇರುತ್ತದೆ, ಆದ್ದರಿಂದ ಬಾಗಿಲು ತೆಗೆಯಲೇಬೇಕು. ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಹೊರಗೆ ಬನ್ನಿ. ದೂರ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಈ ನಾಲ್ಕು ಅಂಕಿಯನ್ನು ಅಡುಗೆಮನೆ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ವಾಸನೆ ತುಂಬಾ ಜೋರಾಗಿದ್ದರೆ ಒಳಗೆ ಏನೂ ಮಾಡುತ್ತಾ ನಿಲ್ಲಬೇಡಿ. ಮೊದಲು ಹೊರಗೆ ಓಡಿ.

ಮೈ ಸುಟ್ಟರೆ 20 ನಿಮಿಷ ತಣ್ಣೀರು ಸುರಿಯಿರಿ. ಇಂಕು, ಅರಿಶಿನ, ಪೇಸ್ಟು ಏನೂ ಹಚ್ಚಬೇಡಿ. ಆಸ್ಪತ್ರೆಗೆ ಹೋಗಿ.

ಗ್ಯಾಸಿನ ಬೆಲೆ ನಮಗೆ ಹಗುರವಲ್ಲ. ಬೇಳೆ, ಕಾಳು ನೆನೆಹಾಕಿ ಬೇಯಿಸಿ. ಪಾತ್ರೆಗೆ ಮುಚ್ಚಳ ಮುಚ್ಚಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಉರಿ ನೀಲಿಯಾಗಿ ಇರಬೇಕು. ಹಳದಿಯಾಗಿ, ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರಿನ ತೂತು ಕಟ್ಟಿದೆ. ಒಲೆ ತಣ್ಣಗಾದ ಮೇಲೆ ಅದನ್ನು ತೊಳೆದು ಒಣಗಿಸಿ.

ಕಳೆದ ಭಾನುವಾರ ಆ ಅಕ್ಕನ ಮನೆಗೆ ಹೋಗಿದ್ದೆ. ಸೌದೆ ಒಲೆ ಹಿತ್ತಲಿಗೆ ಹೋಗಿದೆ. ಈಗ ಅದರಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಾರೆ. ಇಬ್ಬರೂ ಸೇರಿ ಸಿಲಿಂಡರಿನ ಸೀರೆ ತೆಗೆದೆವು. ಪಟ್ಟಿಯ ಒಳಗೆ ಬಗ್ಗಿ ನೋಡಿ, "ಬಿಲ್ಲು ಟೀಚರೇ, ಡಿ!" ಅಂದರು. ಪಕ್ಕದ ಅಂಕಿಯನ್ನೂ ತಾವೇ ಓದಿದರು. ದಿನ ಇನ್ನೂ ದೂರ ಇತ್ತು. ನೊರೆ ಹಚ್ಚಿದೆವು. ಗುಳ್ಳೆ ಏಳಲಿಲ್ಲ. ಅಕ್ಕ ಟೀಗೆ ಹಾಲು ಇಟ್ಟರು. ಅದು ಕಾಯುವವರೆಗೂ ಒಲೆ ಬಿಟ್ಟು ಕದಲಲಿಲ್ಲ.