ಬಂದೂಕಿನ ನಳಿಗೆ ಬದಲಿಸುವ ಮುನ್ನ

ಹಿಂಗಾರಿ ಕಡಲೆ ಮೊಳಕೆಯೊಡೆದು ಹಸಿರು ಕಂಡಿತೆಂದರೆ ನವಲಗುಂದದ ಎರೆಹೊಲಗಳಿಗೆ ಚಿಗರಿ ಹಿಂಡು ಬಂತೆಂದೇ ಲೆಕ್ಕ. ಹಳ್ಳದ ದಂಡೆಯ ಹೊಲಗಳಿಗೆ ರಾತ್ರಿ ಹಂದಿ ಕಾಟ ಬೇರೆ. ಹಾಗಾಗಿ ಕೆಲವು ಮನೆಗಳಲ್ಲಿ ಬೆಳೆ ಕಾಯಲೆಂದು ಲೈಸನ್ಸ್ ಪಡೆದ ಬಂದೂಕು ಇದೆ. ನಮ್ಮದು ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆಯದು. ಹೋದ ವರ್ಷ ಲೈಸನ್ಸ್ ಇದ್ದ ರಿಪೇರಿ ಅಂಗಡಿಗೆ ಒಯ್ದಾಗ ಅವರು ಹಿಂಬದಿಯ ಬಿರಡೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, “ನಳಿಗಿ ತಿಂದು ಹೋಗೇತ್ರಿ, ಇನ್ನ ಇದಕ್ಕ ಮದ್ದು ತುಂಬಬ್ಯಾಡ್ರಿ” ಅಂದರು.

ಕರಿಮದ್ದು ಸುಟ್ಟ ಮಸಿ ಗಾಳಿಯ ತೇವ ಹೀರುತ್ತದೆ. ಒಳಗೆ ಮೊದಲು ಜಂಗು, ಆಮೇಲೆ ಕುಳಿ. ಹೊರಗೆ ಎಷ್ಟು ಎಣ್ಣೆ ಹಚ್ಚಿ ಹೊಳಪಿಟ್ಟರೂ ಒಳಗಿನದು ಕಾಣುವುದಿಲ್ಲ. ನಳಿಗೆಯ ಉದ್ದಕ್ಕೂ ಬೆಳಕು ಬೀಳಿಸಿ ನೋಡಿದಾಗ ಎಲ್ಲಾದರೂ ಬಳೆಯಂಥ ನೆರಳು ಕಂಡರೆ ಅಲ್ಲಿ ಉಬ್ಬಿದೆ ಎಂದರ್ಥ. ಅಂಥದ್ದನ್ನು ಹಾರಿಸಿದವನ ಎಡಗೈಗೆ ಗ್ಯಾರಂಟಿ ಇಲ್ಲ.

ಊರಲ್ಲಿ ಸುದ್ದಿ ತಿಳಿದದ್ದೇ ತಡ, ಸಲಹೆಗಳು ಬಂದವು. “ಬೋರಿನ ಪೈಪ್ ತುಂಡ ಐತಲ್ಲ ಕಾಕಾ, ಲೇಥಿಗೆ ಹಾಕಿ ಕೂಡಿಸಿದ್ರಾತು” ಎಂದ ಒಬ್ಬ ಹುಡುಗ. ನೀರಿನ ಜಿಐ ಪೈಪನ್ನು ಸಾಮಾನ್ಯವಾಗಿ ತಗಡು ಸುತ್ತಿ, ಅಂಚು ಬೆಸೆದು ಮಾಡುತ್ತಾರೆ. ಅದು ತಡೆಯುವುದು ನೀರಿನ ಒತ್ತಡವನ್ನು. ಮದ್ದಿನ ಒತ್ತಡ ಅದರ ಎಷ್ಟೋ ಪಟ್ಟು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಬೆಸುಗೆ ಸೀಳಿದರೆ ಮುಖದ ಹತ್ತಿರವೇ ಸೀಳುತ್ತದೆ. ಮೇಲಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಬಂದೂಕು ರಿಪೇರಿ ಮಾಡಿಕೊಡುವವನಿಗೂ ಲೈಸನ್ಸ್ ಬೇಕು. ವೆಲ್ಡಿಂಗ್ ಅಂಗಡಿಯವನು ನಮ್ಮ ಉಪಕಾರಕ್ಕೆ ಹೋಗಿ ಜೈಲು ಕಾಣಬೇಕೆ?

ಇನ್ನೊಬ್ಬರ ಸಲಹೆ ರೈಫಲ್. ಬೆಳೆ ರಕ್ಷಣೆಗೆಂದು ಅದೇ ಕಾಯ್ದೆಯ 13ನೇ ಕಲಮು ಹೆಸರಿಸುವುದು ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ಗೀರಿಲ್ಲದ ನುಣುಪು ನಳಿಗೆಯ ಬೇರೆ ಬಂದೂಕು ಕೊಡಬಹುದು. ಕಾಯ್ದೆ ಬದಿಗಿಡಿ, ನಮ್ಮ ನೆಲ ನೋಡಿ. ನವಲಗುಂದದ ಗುಡ್ಡ ಬಿಟ್ಟರೆ ಸುತ್ತ ಎಲ್ಲ ಬಯಲು, ಗುಂಡು ತಡೆಯಲು ಒಂದು ದಿನ್ನೆ ಇಲ್ಲ. ಸಣ್ಣ .22 ರೈಫಲಿನ ಗುಂಡೇ ಒಂದೂವರೆ ಕಿಲೋಮೀಟರ್ ದಾಟಬಲ್ಲದು. ಅಷ್ಟರೊಳಗೆ ಕಸ ತೆಗೆಯುವ ಹೆಣ್ಣಾಳು, ಕುರಿ ಕಾಯುವ ಹುಡುಗ ಎಷ್ಟು ಮಂದಿ ಇರುತ್ತಾರೆ!

ಅಷ್ಟಕ್ಕೂ ಯಾರ ಮೇಲೆ ಗುಂಡು? ಚಿಗರಿ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯ ಪ್ರಾಣಿ. ಬೆಳೆ ತಿಂದಿತೆಂದು ಅದನ್ನು ಹೊಡೆಯಲು ಯಾರೂ ಪರವಾನಗಿ ಕೊಡಲಾರರು. ಹಂದಿ 2022ರ ತಿದ್ದುಪಡಿಯಲ್ಲಿ ಎರಡನೇ ಪಟ್ಟಿಗೆ ಸೇರಿದೆ. ಅದಕ್ಕೂ ಅರಣ್ಯ ಇಲಾಖೆಯ ಬರಹದ ಅಪ್ಪಣೆ ಬೇಕು. ಬಂದೂಕಿನ ಲೈಸನ್ಸೇ ಬೇಟೆಯ ಲೈಸನ್ಸ್ ಎಂದು ತಿಳಿದವರು ನಮ್ಮಲ್ಲಿ ಬಹಳ. ಒಟ್ಟಿನಲ್ಲಿ ನಮಗೆ ಬೇಕಾದದ್ದು ಸಪ್ಪಳ ಮಾತ್ರ. ಸಪ್ಪಳಕ್ಕೆ ದುಬಾರಿ ನಳಿಗೆ ಯಾಕೆ?

ಹಾಗೆಂದು ಪ್ಲಾಸ್ಟಿಕ್ ಪೈಪಿನ ಕಾರ್ಬೈಡ್ ಬಂದೂಕಿಗೆ ಕೈ ಹಾಕಬೇಡಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು, ಹೆಚ್ಚಿನವರು ಮಕ್ಕಳು.

ಹಾಗಾಗಿ ನಾನು ಕೇಳಿದ್ದು ಮೊದಲಿನ ಅಳತೆಯದೇ, ಬೆಸುಗೆಯಿಲ್ಲದ ಉಕ್ಕಿನ, ಒತ್ತಡ ಪರೀಕ್ಷೆಯ ಮುದ್ರೆಯಿರುವ ಸಾದಾ ನಳಿಗೆ. ಕೈಯಿಂದ ಮಾಡಿದ ಈ ಹಳೆ ಬಂದೂಕುಗಳಲ್ಲಿ ಒಂದರ ನಳಿಗೆ ಇನ್ನೊಂದಕ್ಕೆ ಕೂಡುವುದಿಲ್ಲ. ಪಂಪಿನ ಬಿಡಿಭಾಗದ ಹಾಗಲ್ಲ. ಕೂಡಿಸುವ ಕೂಲಿ ಸೇರಿಸಿ ಕೇಳಿ. ಹೊಸ ಮದ್ದಿನ ಬಂದೂಕಿನ ಬೆಲೆಯ ಅರ್ಧ ದಾಟಿದರೆ ಹೊಸದಕ್ಕೇ ಅರ್ಜಿ ಹಾಕುವುದು ಮೇಲು. ನಳಿಗೆಯ ಮೇಲಿನ ನಂಬರ್ ಲೈಸನ್ಸ್ ಪುಸ್ತಕದಲ್ಲಿರುತ್ತದೆ. ಬದಲಿಸುವ ಮೊದಲೇ ಧಾರವಾಡದ ಡಿಸಿ ಕಚೇರಿಯಲ್ಲಿ ಬರೆದು ಕೊಡಿ, ಹೊಸ ನಂಬರ್ ಏರಿಸಿಕೊಂಡ ಮೇಲೆಯೇ ಮನೆಗೆ ತನ್ನಿ.

ನನ್ನ ಅರ್ಜಿ ಅಲ್ಲಿದೆ, ಬಂದೂಕು ಅಂಗಡಿಯಲ್ಲಿದೆ. ಈ ಸಲ ಕಡಲೆಯ ಸುತ್ತ ನಾಲ್ಕು ಸಾಲು ಮುಳ್ಳು ಕುಸುಬಿ ಬಿತ್ತಿದ್ದೇನೆ. ರಾತ್ರಿ ಅಟ್ಟದ ಮೇಲೆ ಕುಳಿತು ಎಣ್ಣೆ ಡಬ್ಬಿ ಬಡಿಯುತ್ತೇವೆ.